ಮೂವತ್ತೆರಡನೆಯ ನುಡಿ

ನಾನು ಅಂಗೈಯಲ್ಲಿ ಹಿಡಿಯುವಷ್ಟಗಲದ ಒಂದು ಉಕ್ಕಿನ ತಟ್ಟೆ. ಮೂರು ಕಡೆ ಗೋಡೆ, ಒಂದು ಕಡೆ ಬಯಲು. ಒಂದು ಗೋಡೆ ಹಿಂದೆ ಮುಂದೆ ಸರಿಯುತ್ತದೆ. ಅದನ್ನು ತಿರುಪಿನಿಂದ ಬಿಗಿದರೆ ಸಾಲಿನ ಅಳತೆ ನಿಂತಿತು ಎಂದರ್ಥ. ಅಚ್ಚುಕೂಟದವರು ನನ್ನನ್ನು ಸ್ಟಿಕ್ಕು ಎನ್ನುತ್ತಿದ್ದರು. ಮರದ ಕೇಸಿನ ಖಾನೆಗಳಿಂದ ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಆರಿಸಿ, ನನ್ನಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಸಾಲು ಕಟ್ಟುವುದು ಕಂಪೋಸಿಟರನ ಕೆಲಸ. ಹತ್ತು ಸಾಲು ತುಂಬಿದರೆ ನನ್ನ ಹೊಟ್ಟೆ ತುಂಬಿತು. ಅದನ್ನು ಹಾಗೇ ಎತ್ತಿ ಗ್ಯಾಲಿ ಎಂಬ ಉದ್ದನೆಯ ತಟ್ಟೆಗೆ ಇಳಿಸುತ್ತಾರೆ, ನಾನು ಮತ್ತೆ ಖಾಲಿ. ಇಡೀ ಆಯುಷ್ಯ ಹೀಗೆ ತುಂಬುತ್ತ ಬರಿದಾಗುತ್ತ ಕಳೆದ ನನ್ನಂಥವರಿಗೆ ಆತ್ಮಕಥೆ ಬೇರೆ ಕೇಡು ಎಂದು ನೀವು ನಗಬಹುದು. ನಗಿ, ಆದರೆ ಕೇಳಿ.

ನಾನು ಹುಟ್ಟಿದ್ದು ಮುಂಬಯಿಯ ಒಂದು ಕಾರ್ಖಾನೆಯಲ್ಲಿ. ಅರದಿಂದ ಉಜ್ಜಿ ಉಜ್ಜಿ ನನ್ನ ಮೂಲೆಗಳನ್ನು ನೇರ ಮಾಡಿದ ಕೆಲಸಗಾರನ ಮುಖ ನೆನಪಿಲ್ಲ, ಅವನ ಬೈಗುಳ ಮಾತ್ರ ನೆನಪಿದೆ. ಮೂಲೆ ಕೂದಲೆಳೆಯಷ್ಟು ವಾರೆಯಾದರೂ ಅವನು ಸಹಿಸುತ್ತಿರಲಿಲ್ಲ. ಆ ಗುಣ ನನಗೂ ಅಂಟಿತು. ಅಳತೆಗೆ ಒಂದು ಮೊಳೆ ಹೆಚ್ಚಾದರೆ ನಾನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಕಡಿಮೆಯಾದರೆ ಸಾಲು ಗಲಗಲ ಅಲ್ಲಾಡಿ ಕಂಪೋಸಿಟರನ ಮಾನ ತೆಗೆಯುತ್ತದೆ.

ಮೊದಲು ನನ್ನನ್ನು ಹಿಡಿದವರು ಹುಬ್ಬಳ್ಳಿಯ ಒಂದು ವಾರಪತ್ರಿಕೆಯ ವೆಂಕೋಬರಾಯರು. ಎಡಗೈಯಲ್ಲಿ ನಾನು, ಮೂಗಿನಲ್ಲಿ ನಶ್ಯ. ಅವರು ಸೀನಿದಾಗಲೆಲ್ಲ ನನ್ನೊಳಗಿನ ಸಂಪಾದಕೀಯ ನಡುಗುತ್ತಿತ್ತು. ವಾರವಾರವೂ ಊರಿನ ದೊಡ್ಡವರನ್ನು ಬೈದ ಸಾಲುಗಳನ್ನು ಹೊತ್ತು ನನಗೂ ಸ್ವಲ್ಪ ಗತ್ತು ಬಂದಿತ್ತು. ಆದರೆ ಸಂಪಾದಕರ ಸಿಟ್ಟು ಏರಿದಷ್ಟೂ ಓದುಗರು ಇಳಿದರು. ಪತ್ರಿಕೆ ನಿಂತಿತು. ಕೇಸುಗಳ ಜೊತೆ ನನ್ನನ್ನೂ ಗೋಣಿಚೀಲದಲ್ಲಿ ಕಟ್ಟಿ ಗದಗಿಗೆ ಕಳಿಸಿದರು. ಅಲ್ಲಿ ಕರ್ಜಗಿ ಶಿವಮೂರ್ತೆಪ್ಪನವರ ಅಚ್ಚುಕೂಟದಲ್ಲಿ ನಾನು ದಾವಲಸಾಬನ ಕೈಗೆ ಬಿದ್ದೆ.

ಬಿದ್ದೆ ಎಂದೆನಲ್ಲ, ತಪ್ಪು. ಆ ಅಂಗೈಯಲ್ಲಿ ಕುಳಿತೆ. ಮೂವತ್ತೊಂದು ವರ್ಷ ಕುಳಿತೆ. ದಾವಲಸಾಬ ಓದಿದ್ದು ನಾಲ್ಕನೆಯ ಇಯತ್ತೆ. ಉಳಿದ ವಿದ್ಯೆಯೆಲ್ಲ ಕೇಸಿನ ಮುಂದೆ ನಿಂತೇ ಬಂದದ್ದು. ಪಂಚಾಂಗ, ಪುರಾಣ, ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್ಲು, ಯಾವುದನ್ನೇ ಜೋಡಿಸಲಿ, ತುಟಿಯಲ್ಲಿ ಗುನುಗಿಕೊಳ್ಳುತ್ತಲೇ ಜೋಡಿಸುತ್ತಿದ್ದ. ಹೆಬ್ಬೆರಳಿನಿಂದ ಕೊನೆಯ ಮೊಳೆಯನ್ನು ಒತ್ತಿ ಹಿಡಿಯುತ್ತಿದ್ದ ರೀತಿ ಈಗಲೂ ನನ್ನ ಮೈಗೆ ನೆನಪಿದೆ. ಹೆಂಡತಿ ಬಿಸಿರೊಟ್ಟಿ ಬುತ್ತಿ ತಂದರೂ ಹಿಡಿದ ಸಾಲು ಮುಗಿಯದೆ ಅವನು ನನ್ನನ್ನು ಕೆಳಗಿಡುತ್ತಿರಲಿಲ್ಲ. ಅಂಥವನ ಕೈಯಲ್ಲೇ ಆ ಅನಾಹುತ ಆಯಿತು.

ಒಂದು ಸಲ ಗಿರಿಜಾಬಾಯಿ ಎಂಬ ಶಾಲೆಯ ಅಕ್ಕೋರು ಒಂದು ನೋಟುಬುಕ್ಕು ತಂದರು. ಅವರ ತಾಯಿ ಹಂಪವ್ವ ಬೀಸುಕಲ್ಲಿನ ಗೂಟ ಹಿಡಿದು ಬೀಸುವಾಗ ಹಾಡುತ್ತಿದ್ದ ಪದಗಳನ್ನು ಹಲವು ವರ್ಷ ಪಕ್ಕದಲ್ಲಿ ಕುಳಿತು ಬರೆದುಕೊಂಡಿದ್ದರು. ಹಂಪವ್ವ ತೀರಿಹೋಗಿದ್ದಳು. ವರ್ಷದ ಪುಣ್ಯತಿಥಿಗೆ ಪುಸ್ತಕ ಮಾಡಿ ಬಳಗಕ್ಕೆ ಹಂಚಬೇಕೆಂಬುದು ಅಕ್ಕೋರ ಆಸೆ.

"ಇದೊಂದs ಪ್ರತಿ ಐತ್ರಿ, ಜ್ವಾಕಿ," ಎಂದರು.

"ಕೂಸಿನಂಗ ನೋಡ್ಕೋತೀನ್ರಿ ಅಕ್ಕೋರ," ಎಂದ ದಾವಲಸಾಬ.

ಸಣ್ಣ ಅಚ್ಚುಕೂಟದಲ್ಲಿ ಇಡೀ ಪುಸ್ತಕಕ್ಕಾಗುವಷ್ಟು ಮೊಳೆ ಇರುವುದಿಲ್ಲ. ಎಂಟು ಪುಟ ಜೋಡಿಸಿ, ಪ್ರೂಫು ತೋರಿಸಿ, ತಿದ್ದಿ, ಅಚ್ಚು ಹಾಕಬೇಕು. ಆಮೇಲೆ ಆ ಪುಟಗಳನ್ನು ಬಿಚ್ಚಿ ಮೊಳೆಗಳನ್ನು ಅವವುಗಳ ಖಾನೆಗೆ ಮರಳಿಸಿ, ಮುಂದಿನ ಎಂಟು ಪುಟಕ್ಕೆ ಕೈ ಹಾಕಬೇಕು. ಆ ಎಂಟು ಪುಟಕ್ಕೆ ಒಂದು ಫಾರಂ ಎನ್ನುತ್ತಾರೆ. ಅಚ್ಚಾಗಬೇಕಾದ ಫಾರಂ ಕಲ್ಲಿನ ಮೇಜಿನ ಬಲಕ್ಕೆ, ಅಚ್ಚಾಗಿ ಸೀಮೆಎಣ್ಣೆಯಲ್ಲಿ ತೊಳೆದದ್ದು ಎಡಕ್ಕೆ. ಎಡಕ್ಕಿದ್ದದ್ದನ್ನು ಕಣ್ಣುಮುಚ್ಚಿ ಬಿಚ್ಚಬಹುದು. ಇದು ನಮ್ಮಲ್ಲಿ ಶಾಸನ.

ಹಂಪವ್ವನ ಪದಗಳ ಕೊನೆಯ ಫಾರಂ ಸಿದ್ಧವಾಗಿ ಬಲಕ್ಕೆ ಕುಳಿತಾಗ ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ, ಬಂತು. ಪೂಜೆಯ ಹಿಂದಿನ ದಿನ ಅಚ್ಚುಕೂಟವೆಲ್ಲ ಮೈತೊಳೆಯುವುದು ಪದ್ಧತಿ. ಅಚ್ಚು ಹಾಕುವ ಟ್ರೆಡಲ್ ಮಿಷಿನ್ನು, ರೋಲರು, ಕೇಸು, ನಾನು, ಯಾರನ್ನೂ ಬಿಡಲಿಲ್ಲ. ಮಿಷಿನ್ನು ನಡೆಸುವ ಬರಮಪ್ಪ ಉತ್ಸಾಹದಲ್ಲಿ ಮೇಜಿನ ಮೇಲಿದ್ದ ಫಾರಂಗಳನ್ನೆಲ್ಲ ತೊಳೆದು ಥಳಥಳ ಮಾಡಿದ. ಮೇಜು ಒರೆಸಲು ಎಲ್ಲವನ್ನೂ ಎಡಕ್ಕೆ ಸರಿಸಿದ, ಮತ್ತೆ ಬಲಕ್ಕೆ ತರುವುದನ್ನು ಮರೆತ. ಗೋಡೆಯ ಮೊಳೆಗೆ ಚುಚ್ಚಿದ್ದ ಹಳೆಯ ಕಾಗದಗಳ ಕಂತೆಯನ್ನು ಹರಿದು ಎಣ್ಣೆ ಒರೆಸಿ ಒಲೆಗೆ ಹಾಕಿದ. ಜೋಡಿಸಲೆಂದು ಬಿಡಿಸಿಕೊಂಡಿದ್ದ ಅಕ್ಕೋರ ನೋಟುಬುಕ್ಕಿನ ಕೊನೆಯ ಹಾಳೆಗಳೂ ಅವರು ತಿದ್ದಿ ಸಹಿ ಮಾಡಿದ ಪ್ರೂಫೂ ಆ ಕಂತೆಯಲ್ಲೇ ಇದ್ದವು. ಮರುದಿನ ನಮಗೆಲ್ಲ ಕುಂಕುಮ, ಚೆಂಡುಹೂವು, ಕರ್ಪೂರ. ದಾವಲಸಾಬನೇ ತೆಂಗಿನಕಾಯಿ ಒಡೆದ.

ಹಬ್ಬ ಮುಗಿದು ಕೆಲಸ ಶುರುವಾದ ಬೆಳಗ್ಗೆ ದಾವಲಸಾಬ ಎಡಗಡೆಯ ಫಾರಂ ಎಳೆದುಕೊಂಡು ಬಿಚ್ಚತೊಡಗಿದ. ಪದ ಗುನುಗುತ್ತ ಗುನುಗುತ್ತ ಎಂಟು ಪುಟವನ್ನೂ ಖಾನೆಗಳಿಗೆ ಹಂಚಿಬಿಟ್ಟ. ಕೇಸಿನ ಅಂಚಿನಲ್ಲಿ ಕುಳಿತು ನಾನು ನೋಡುತ್ತಿದ್ದೆ. ಕೂಗಲು ಬಾಯಿ ಎಲ್ಲಿಂದ ತರಲಿ?

ಮಧ್ಯಾಹ್ನ ಬರಮಪ್ಪ ಕೇಳಿದ, "ದಾವಲಣ್ಣ, ಹಂಪವ್ವನ ಕಡೀ ಫಾರಂ ಕೊಡೋ, ಮಿಷಿನ್ನಿಗೆ ಏರಸ್ತೀನಿ."

"ಏರಸ್ತೀನಿ ಅಂದ್ರ? ಅದು ಅಚ್ಚಾಗಿಲ್ಲೇನು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ದಾವಲಸಾಬ ಪ್ರತಿಗಾಗಿ ಗೋಡೆಯ ಮೊಳೆ ತಡಕಿದ; ಬರಮಪ್ಪ ಒಲೆಯ ಬೂದಿ ತೋರಿಸಿದ.

ಹಣೆಬರಹ ನೋಡಿ, ಅದೇ ಸಂಜೆ ಅಕ್ಕೋರು ದಸರೆಯ ಬನ್ನಿ ಕೊಡಲು ಬಂದರು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ," ಎಂದು ಎಲೆಗಳನ್ನು ದಾವಲಸಾಬನ ಕೈಗಿಟ್ಟು, "ಪುಸ್ತಕ ಎಲ್ಲೀತನ ಬಂತ್ರಿ?" ಎಂದರು.

"ಎರಡು ದಿನ ಬಿಟ್ಟು ಬರ್ರಿ ಅಕ್ಕೋರ," ಎಂದ ಅವನು, ತಲೆ ಎತ್ತದೆ.

ಮರುದಿನ ಬೆಳಗ್ಗೆ ನನ್ನನ್ನು ಎತ್ತಿಕೊಂಡು ಕೇಸಿನ ಮುಂದೆ ನಿಂತ. ಎದುರಿಗೆ ಪ್ರತಿಯಿಲ್ಲ. ಪ್ರತಿ ಸಿಗಿಸುವ ಜಾಗ ಖಾಲಿ. ಕಣ್ಣು ಮುಚ್ಚಿ ಗುನುಗಿದ. ಬಲಗೈ ತಾನಾಗಿ ಖಾನೆಗಳತ್ತ ಹೋಯಿತು. ಜೋಡಿಸುವಾಗ ಒಮ್ಮೆ, ತಿದ್ದುವಾಗ ಒಮ್ಮೆ, ಬಿಚ್ಚುವಾಗ ಒಮ್ಮೆ ಆ ಪದಗಳು ಅವನ ತುಟಿಯ ಮೇಲೆ ಹಾದಿದ್ದವು. ಬಾಯಿ ತಡವರಿಸಿದಲ್ಲಿ ಬೆರಳು ದಾರಿ ತೋರಿಸಿತು. ಮೂರು ಸಾಲಿಗೊಂದು ನುಡಿ. ಒಂದು ನುಡಿ, ಎರಡು ನುಡಿ, ಹತ್ತು ನುಡಿ. ಪುಟಕ್ಕೆ ನಾಲ್ಕರಂತೆ ಎಂಟು ಪುಟಕ್ಕೆ ಮೂವತ್ತೆರಡು ನುಡಿ ಆಗಬೇಕು. ಎರಡನೆಯ ದಿನ ಮಧ್ಯಾಹ್ನಕ್ಕೆ ಮೂವತ್ತೊಂದು ಆದವು. ಕೊನೆಯ ಪುಟದ ಕೆಳಗೆ ಮೂರು ಸಾಲಿನ ಜಾಗ ಹಾಗೇ ಬಾಯಿ ತೆರೆದುಕೊಂಡಿತ್ತು.

ಹಿಂದೆ ಮುಂದೆ ನಡೆದಾಡಿದ. ಮೊದಲಿಂದ ಹಾಡಿಕೊಂಡು ಬಂದ. ಆ ತಿರುವಿಗೆ ಬಂದೊಡನೆ ಬಂಡಿಯ ಕೀಲು ಕಳಚಿದಂತೆ ನಿಂತುಬಿಡುತ್ತಿದ್ದ.

"ಒಂದು ಹೂವಿನ ಬ್ಲಾಕ್ ಇಟ್ಟು ಮುಚ್ಚಿಬಿಡೋ," ಎಂದ ಬರಮಪ್ಪ. "ಯಾರಿಗೆ ಗೊತ್ತಾಕ್ಕೈತಿ?"

ಖಾಲಿ ಜಾಗಕ್ಕೆ ಹೂವಿಡುವುದು ನಮ್ಮಲ್ಲಿ ಹಳೆಯ ಚಾಳಿಯೇ. ದಾವಲಸಾಬ ಬ್ಲಾಕು ತಂದ, ಇಟ್ಟ, ಎಷ್ಟೋ ಹೊತ್ತು ನೋಡಿದ, ತೆಗೆದ. ಮತ್ತೆ ನನ್ನನ್ನು ಹಿಡಿದು ಸರಸರನೆ ಮೂರು ಸಾಲು ಕಟ್ಟಿದ. ಮೂವತ್ತೊಂದು ನುಡಿಗೂ ಇಲ್ಲದ ವೇಗ ಅದಕ್ಕಿತ್ತು.

ಹೇಳಿದ ದಿನಕ್ಕೆ ಅಕ್ಕೋರು ಬಂದರು. ದಾವಲಸಾಬ ಪ್ರೂಫು ಕೈಗೆ ಕೊಟ್ಟು ನಡೆದದ್ದನ್ನೆಲ್ಲ ಹೇಳಿದ. ಕೊನೆಯ ಮೂರು ಸಾಲಿನ ಮಾತು ಮಾತ್ರ ಎತ್ತಲಿಲ್ಲ. ಅಕ್ಕೋರ ಮುಖ ಸುಣ್ಣದಂತಾಯಿತು.

"ನಮ್ಮವ್ವ ಎರಡನೇ ಸಲ ಸತ್ತಂಗಾತಲ್ರೀ," ಎಂದರು.

ಬರಮಪ್ಪ ಮೆಲ್ಲಗೆ ಮಿಷಿನ್ನಿನ ಹಿಂದೆ ಸರಿದ. ಅಕ್ಕೋರು ನಿಂತಲ್ಲೇ ಓದತೊಡಗಿದರು. ಓದುತ್ತ ಓದುತ್ತ ಅವರ ಉಸಿರು ಹದಕ್ಕೆ ಬಂತು. ಒಂದೆರಡು ಕಡೆ ಹೌದೆಂದು ತಲೆಯಾಡಿಸಿದರು. ಕೊನೆಯ ಪುಟದ ಕೊನೆಯ ನುಡಿಗೆ ಬಂದಾಗ ಬೆರಳು ನಿಂತಿತು. ಗಟ್ಟಿಯಾಗಿ ಓದಿದರು:

ತೊಡಿಮ್ಯಾಲ ಮಲಗ್ಯಾನ, ಕಲ್ಲಾಗ ಕಾಳೈತಿ
ಎಡಗೈಯೆ ಮಗಗ ತಲಿದಿಂಬ – ಬಲಗೈಗೆ
ಬಿಡದಂಥ ಗೂಟ ಜೊತಿಗಾತಿ

"ಇದು ನಮ್ಮವ್ವನ ಪದ ಅಲ್ಲ," ಎಂದರು. "ನಮ್ಮವ್ವ ತೊಡಿಮ್ಯಾಲ ಕೂಸು ಹಾಕ್ಕೊಂಡು ಬೀಸಿದಾಕಿನs ಅಲ್ಲ. ನಮ್ಮಜ್ಜಿ ನನ್ನ ಆಡಸ್ತಿದ್ಳು."

ದಾವಲಸಾಬ ಎರಡೂ ಕೈ ಜೋಡಿಸಿದ. "ತಪ್ಪಾತ್ರಿ ಅಕ್ಕೋರ. ಇದು ನಮ್ಮವ್ವ ಬೀಸೂ ಮುಂದ ಹಾಡ್ತಿದ್ಳು. ಆ ತೊಡಿಮ್ಯಾಲಿದ್ದಾವ ನಾನs. ನಿಮ್ಮವ್ವಂದು ಒಂದು ಕಳದೆ, ನನ್ನ ಕಡೆ ಇದ್ದದ್ದು ಇದೊಂದs. ಬ್ಯಾಡ ಅಂದ್ರ ಈಗs ತಗೀತೀನಿ. ನಿಮ್ಮದು ಯಾವುದಿತ್ತು ಹೇಳ್ರಿ, ಹಾಕ್ತೀನಿ."

ಅಕ್ಕೋರು ಹಿಂದಿನ ನುಡಿಯಿಂದ ಗುನುಗಿ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನs ಕುಂತು ಬರಕೊಂಡದ್ದು. ನನಗs ನೆನಪಿಲ್ಲ ನೋಡ್ರಿ. ನಿಮಗ ಏನನ್ನಲಿ?"

ಆಮೇಲೆ ಅವರೇ ಕೇಳಿದರು, "ನಿಮ್ಮ ತಾಯಿ ಹೆಸರೇನ್ರಿ?"

"ಹುಸೇನಬಿ ಅಂತ್ರಿ."

"ತಗೀಬ್ಯಾಡ್ರಿ. ಕೆಳಗ ಆಕಿ ಹೆಸರು ಹಾಕ್ರಿ."

ಮಂತ್ರಿಗಳ ಹೆಸರು, ಸ್ವಾಮಿಗಳ ಹೆಸರು, ಮದುಮಕ್ಕಳ ಹೆಸರು, ಎಷ್ಟು ಸಾವಿರ ಹೆಸರು ನನ್ನಲ್ಲಿ ನಿಂತು ಹೋಗಿವೆಯೋ! ಅಂದು ದಾವಲಸಾಬ ಜೋಡಿಸಿದ ಆ ಒಂದು ಹೆಸರಿನಷ್ಟು ಭಾರ ಯಾವುದೂ ಇರಲಿಲ್ಲ. ಮೊಳೆಗಳು ಸರಿಯಾಗಿ ನಿಂತಿದ್ದರೂ ಹೆಬ್ಬೆರಳನ್ನು ಅವನು ಬೇಗ ತೆಗೆಯಲಿಲ್ಲ. ಹುಸೇನಬಿಗೆ ಓದು ಬರುತ್ತಿರಲಿಲ್ಲ, ತನ್ನ ಹೆಸರನ್ನು ಬರೆದದ್ದನ್ನು ಅವಳು ಎಂದೂ ನೋಡಿದವಳಲ್ಲ. ಇದನ್ನು ಬರಮಪ್ಪನಿಗೆ ಹೇಳುತ್ತ ಅವನು ಅತ್ತ. ಪುಣ್ಯತಿಥಿಗೆ ಪುಸ್ತಕ ಮುಟ್ಟಿತು.

ಮುಂದಿನದು ಎಲ್ಲ ಅಚ್ಚುಕೂಟಗಳ ಕಥೆಯೇ. ಕಂಪ್ಯೂಟರು ಬಂತು, ಆಫ್‌ಸೆಟ್ಟು ಬಂತು. ಮೊಳೆಗಳನ್ನು ಸೀಸದ ಲೆಕ್ಕದಲ್ಲಿ ತೂಗಿ ಒಯ್ದು ಕರಗಿಸಿದರು. ನನ್ನ ಜೀವದ ಗೆಳೆಯರೆಲ್ಲ ಒಂದೇ ಕಡಾಯಿಯಲ್ಲಿ ನೀರಾದರು ಎಂದು ಕೇಳಿದಾಗ ನನಗೆ ಇರುವುದೇ ಬೇಡವೆನಿಸಿತು. ದಾವಲಸಾಬ ನನ್ನನ್ನು ಮಾತ್ರ ಜೇಬಿನಲ್ಲಿಟ್ಟು ಮನೆಗೆ ತಂದ. ಈಗ ಅವನೂ ಇಲ್ಲ. ಅವನ ಸೊಸೆ ನನ್ನನ್ನು ಕಿಟಕಿಯಲ್ಲಿಟ್ಟು ಸೂಜಿ, ದಾರದುಂಡೆ, ಗುಂಡಿ ತುಂಬಿದ್ದಾಳೆ. ಒಳ್ಳೆಯ ಹೆಣ್ಣುಮಗಳು. ವಾರಕ್ಕೊಮ್ಮೆ ಒರೆಸುತ್ತಾಳೆ, ಅಳತೆ ಪಾಲಿಸುವುದಿಲ್ಲ ಅಷ್ಟೇ.

ಆದರೆ ನಿಮಗೆ ಒಂದು ಮಾತು ಹೇಳದೆ ಹೋದರೆ ನಾನು ಹುಟ್ಟಿದ್ದೂ ದಂಡ. ಆ ಕೊನೆಯ ಪುಟವನ್ನು ಮೊದಲ ಸಲ ಜೋಡಿಸಿದ್ದೂ ನನ್ನಲ್ಲೇ, ಎರಡನೆಯ ಸಲ ಜೋಡಿಸಿದ್ದೂ ನನ್ನಲ್ಲೇ. ದಾವಲಸಾಬ ಮರೆತ, ಅಕ್ಕೋರು ಮರೆತರು, ನಾನು ಮರೆಯಲಿಲ್ಲ. ಹಂಪವ್ವನ ಕಳೆದುಹೋದ ನುಡಿ ಇದು. ಯಾರಾದರೂ ಬರೆದುಕೊಳ್ಳಿ:

ಬೀಸಿದ ಹಿಟ್ಟೀಗಿ ಸೇರೈತಿ, ಪಾವೈತಿ
ಬೀಸಿದ ಕೈಯ ದಣಿವೀಗಿ – ನನ್ನವ್ವ
ದೇಸದಾಗ ಅಳತಿ ಎಲ್ಲೈತಿ