ಮರಕ್ಕಿಂತ ಮೊದಲು ಸೂಜಿ

ಚಿದ್ರಿಯ ಕಟ್ಟಿಗೆ ಅಡ್ಡೆಯ ಗೇಟಿನಲ್ಲಿ ನಿಂತು ಧೊಂಡಿಬಾ ತನ್ನ ಬಿಳಿ ಟೋಪಿಯ ಮಡಿಕೆಯನ್ನು ಮತ್ತೊಮ್ಮೆ ತಡವಿದ. ಸೂಜಿ ಇರಲಿಲ್ಲ. ಹೆಂಡತಿ ಶೇವಂತಾಬಾಯಿ ದಾರ ಪೋಣಿಸಿ ಅಲ್ಲಿ ಸಿಕ್ಕಿಸಿಟ್ಟಿದ್ದ ಸೂಜಿಯನ್ನು ಬೆಳಿಗ್ಗೆ ಅವಳೇ ತೆಗೆದು ಅವನ ಅಂಗಿಗೆ ಗುಂಡಿ ಹಚ್ಚಿಬಿಟ್ಟಿದ್ದಳು. ಗುಂಡಿ ಗಟ್ಟಿಯಾಗಿ ಕೂತಿತ್ತು, ಗಂಡನ ಕೆಲಸ ಸಡಿಲಾಗಿತ್ತು.

ಮರ ಹತ್ತುವವನಿಗೆ ಸೂಜಿ ಯಾಕೆ ಬೇಕು ಅಂತೀರಾ? ಅದು ಬದ್ರೋದ್ದೀನ ಸಾಹೇಬರ ಕಾಯಿದೆ. ಬೀದರಿನಲ್ಲಿ ಮರ ಕಡಿಯುವ ಗುತ್ತಿಗೆ ಹಿಡಿಯುವ ಈ ಸಾಹೇಬರು ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ. ಅದರ ವಾಸನೆಯೂ ಅವರಿಗೆ ತಿಳಿಯದು, ಏಕೆಂದರೆ ಕಿವಿಯಲ್ಲಿ ಸದಾ ಅತ್ತರಿನ ಹತ್ತಿ. ಹಿಂದೊಮ್ಮೆ ಅವರ ಆಳೊಬ್ಬ ಕುಡಿದು ಮರ ಹತ್ತಿ, ಸೊಂಟದ ಹಗ್ಗವನ್ನು ಗಟ್ಟಿ ಟೊಂಗೆ ಬಿಟ್ಟು ಕೊಯ್ಯುವ ಟೊಂಗೆಗೇ ಬಿಗಿದು, ಅದರ ಜೊತೆಗೇ ಕಣಿಕೆ ಬಣವೆಯ ಮೇಲೆ ಇಳಿದಿದ್ದ. ಅವನು ಎದ್ದು ಮೈ ಕೊಡವಿಕೊಂಡು ಹೋದ. ಸಾಹೇಬರಿಗೆ ಮಾತ್ರ ಬಹಳ ದಿನ ನಿದ್ದೆ ಬರಲಿಲ್ಲ. ಭಾಲ್ಕಿಯ ಗುತ್ತಿಗೆದಾರ ಅಶೋಕಕುಮಾರ, "ನಾ ಅಂತೂ ಹತ್ತೂ ಮೊದಲ ನಾನೇ ಕುಡಸ್ತೇನ್ರಿ, ಹೊಟ್ಟ್ಯಾಗ ಬಿಸಿ ಇಳಿದ್ರ ಅಂಜಿಕಿ ಇಳೀತದ" ಎಂದು ಬುದ್ಧಿ ಹೇಳಲು ಬಂದಾಗ ಸಾಹೇಬರು ತೋಬಾ ತೋಬಾ ಎಂದು ಕೆನ್ನೆ ಬಡಿದುಕೊಂಡರು. ಕಡೆಗೆ ಓಣಿಯವರ ಬಟ್ಟೆ ಹೊಲಿಯುವ ಅವರ ಹೆಂಡತಿ ಮುನ್ನಿಬೀ ದಾರಿ ತೋರಿಸಿದರು: ಕುಡಿದವನ ಕೈ ನಡುಗುತ್ತದೆ, ಸೂಜಿ ದಾರ ಕೊಟ್ಟು ನೋಡಿ.

ದಾರ ಹೋದರೆ ಮರಕ್ಕೆ, ಹೋಗದಿದ್ದರೆ ಮನೆಗೆ. ಮನೆಗೆ ಕಳಿಸುವಾಗಲೂ ಸಾಹೇಬರು ಚಹಾ ಕುಡಿಸಿಯೇ ಕಳಿಸುತ್ತಿದ್ದರು. ಕುಡಿತವೆಂದರೆ ಅವರ ಲೆಕ್ಕದಲ್ಲಿ ಜ್ವರವಿದ್ದ ಹಾಗೆ, ಇವತ್ತು ಬರುತ್ತದೆ, ನಾಳೆ ಬಿಡುತ್ತದೆ. ಕಣ್ಣಿನ ಮಾತು ಬೇರೆ. ಹೋದ ವರ್ಷ ಹಣಮಂತ, ಧೊಂಡಿಬಾನಿಗೆ ಮರದ ವಿದ್ಯೆ ಕಲಿಸಿದವನು, "ಸೂಜಿ ಕಾಣಸ್ವಲ್ದರಿ" ಎಂದು ನಿಜ ಹೇಳಿದ. ಸಾಹೇಬರು ಅಯ್ಯೋ ಪಾಪ ಎಂದು ಅವತ್ತೇ ಅವನನ್ನು ಕೆಳಗಿಳಿಸಿದರು. ಅಂದಿನಿಂದ ಅವನ ಕೈಯಲ್ಲಿ ಸೊಪ್ಪು ಗುಡಿಸುವ ಬಾರಿಗೆ. ಅದನ್ನು ನೋಡಿದಾಗಲೆಲ್ಲ ಧೊಂಡಿಬಾ ಮುಖ ತಿರುಗಿಸಿಕೊಳ್ಳುತ್ತಿದ್ದ. ಅವನ ಕಣ್ಣೂ ಈಗೀಗ ಅದೇ ಹಾದಿ ಹಿಡಿದಿತ್ತು. ಅದಕ್ಕೇ ಟೋಪಿಯ ಸೂಜಿ. ಕೆಮ್ಮಿದಂತೆ ಮಾಡಿ ಬದಲಿಸಿಬಿಟ್ಟರೆ ಆಯಿತು.

ಇವತ್ತು ಕೆಮ್ಮಿ ಉಪಯೋಗವಿರಲಿಲ್ಲ.

ಸೂಜಿಗೆ ಮೊದಲು ಬಂದವನು ಮರ ಹತ್ತುವ ಇನ್ನೊಬ್ಬ ಆಳು ಪಂಢರಿ. ಅವನ ಕೈ ನಡುಗುವುದು ಕುಡಿಯದಿದ್ದಾಗ ಮಾತ್ರ ಎಂಬುದು ಸಾಹೇಬರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತು. ಇವತ್ತು ಚೆನ್ನಾಗಿಯೇ ಹಾಕಿಕೊಂಡಿದ್ದ, ದಾರ ಒಂದೇ ಏಟಿಗೆ ಒಳಗೆ ಹೋಯಿತು. "ಶಾಬಾಸ್!" ಎಂದರು ಸಾಹೇಬರು.

ಧೊಂಡಿಬಾ ಸೂಜಿಯನ್ನು ತೋಳು ಮುಗಿಯುವವರೆಗೆ ದೂರ ಹಿಡಿದ. ತೋಳು ಸಾಲಲಿಲ್ಲ. ದಾರ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಹೋಗಬೇಕಾದಲ್ಲಿ ಹೋಗಲಿಲ್ಲ.

"ಏನೋ ಧೊಂಡಿಬಾ, ಹಾಕ್ಕೊಂಡಿ ಏನು?" ಸಾಹೇಬರು ಕೇಳಿದರು.

ಅವನು ಬಾರಿಗೆ ಹಿಡಿದು ನಿಂತ ಹಣಮಂತನ ಕಡೆ ನೋಡಿದ. ಕುಡುಕನಾದರೆ ಒಂದು ದಿನ ಮನೆ, ಕುರುಡನಾದರೆ ಜನ್ಮಪೂರ್ತಿ ನೆಲ. "ಹೂಂರಿ ಮಾಲಕ್ರ, ಸ್ವಲ್ಪ ಆಗ್ಯದ" ಎಂದ. ಮಾತು ನಂಬಿಸಲು ಸ್ವಲ್ಪ ತೂರಾಡಿಯೂ ತೋರಿಸಿದ. ಅಭ್ಯಾಸವಿಲ್ಲದ್ದರಿಂದ ಅದು ಕುಂಟಿದ ಹಾಗಾಯಿತು.

ಸಾಹೇಬರ ಕಣ್ಣು ಅವನ ಕೊರಳಿಗೆ ಹೋಯಿತು. ಅಲ್ಲಿ ಪಂಢರಪುರದ ತುಳಸಿಮಾಲೆ ಇತ್ತು. ಮೆಹಕರದ ಅವನ ಮನೆತನದಲ್ಲಿ ಅದನ್ನು ಹಾಕಿದವರು ಹೆಂಡ ಮುಟ್ಟುವುದಿಲ್ಲ, ಮುಟ್ಟಿದರೆ ಮಾಲೆ ಉಳಿಯುವುದಿಲ್ಲ.

"ಅರೆ ಮಿಯಾ, ಮಾಲಿ ಹಾಕ್ಕೊಂಡು ಕುಡದಿ?" ಸಾಹೇಬರ ದನಿ ನಿಜಕ್ಕೂ ನೊಂದಿತ್ತು. "ಕುಡದದ್ದು ಮಾಫ್. ಆದ್ರ ದೇವರ ಸಂಗಾಟ ಸುಳ್ಳು ಬ್ಯಾಡ. ಮಾಲಿ ತೆಗೆದು ಹೆಂಡತಿ ಕೈಯಾಗ ಕೊಟ್ಟು, ನಾಳಿ ಬಾ. ಪಂಢರಿ, ಔರಾದದ ಹುಣಸಿ ಇವತ್ತ ನೀ ಹತ್ತು."

ಆ ಹುಣಸೆಮರ ಮಕ್ಕಳುಮರಿ ಇರುವ ಮನೆಯೊಂದರ ಮಾಳಿಗೆಯ ಮೇಲೆ ಒರಗಿ ನಿಂತಿತ್ತು. ಪಂಢರಿ ಆಗಲೇ ಖುಷಿಯಿಂದ ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಿದ್ದ, ಹಗ್ಗದ ಜೊತೆಗೆ ಗೇಟಿನ ಸರಳನ್ನೂ ಸೇರಿಸಿ. ಧೊಂಡಿಬಾನ ಕೈ ಮಾಲೆಯ ಗಂಟಿನವರೆಗೆ ಹೋಗಿ ಅಲ್ಲೇ ನಿಂತಿತು. ಅಪ್ಪ ಹಾಕಿದ ಮಾಲೆ. ಒಂದು ಸುಳ್ಳಿಗೆ ಮಾಲೆಯೂ ಹೋಗಿ, ಈ ಮನುಷ್ಯನ ಜೀವವೂ ಹೋಗಬೇಕೇ?

"ಮಾಲಕ್ರ, ನಾ ಕುಡದಿಲ್ರಿ. ಎಂದೂ ಕುಡದಿಲ್ರಿ. ಕಣ್ಣು ಕಾಣಸ್ವಲ್ದರಿ" ಎಂದ. ಹೇಳಿ ಮುಗಿಸುವುದರೊಳಗೆ ಅಷ್ಟು ದೊಡ್ಡ ಗಂಡಸಿಗೆ ಅಳು ಬಂದೇಬಿಟ್ಟಿತು. "ಟೊಂಗಿ ಕಾಣಸ್ತಾವ, ಎಲಿ ಕಾಣಸ್ತಾವ, ಸೂಜಿ ಒಂದೇ ಕಾಣಸೂದಿಲ್ರಿ."

"ಇಷ್ಟು ದೊಡ್ಡ ಸೂಜಿ ಹ್ಯಾಂಗ ಕಾಣಸೂದಿಲ್ಲೋ? ಇಲ್ಲಿ ಕೊಡು." ಸಾಹೇಬರು ಸೂಜಿ ಕಸಿದುಕೊಂಡರು. ಕಾಯಿದೆ ಮಾಡಿದವರು ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ದಾರಕ್ಕೆ ಉಗುಳು ಹಚ್ಚಿದರು. ಸೂಜಿಯನ್ನು ದೂರ ಹಿಡಿದರು, ಇನ್ನೂ ದೂರ ಹಿಡಿದರು, ಬಿಸಿಲಿಗೆ ಹೋಗಿ ನಿಂತರು. ಹಣೆಯಲ್ಲಿ ಬೆವರೊಡೆಯಿತು.

"ಸಾಹೇಬರೂ ಹಾಕ್ಕೊಂಡ್ರೇನ್ರಿ?" ಪಂಢರಿ ಬಹಳ ಕಾಳಜಿಯಿಂದ ಕೇಳಿದ.

"ಬಾಯಿ ಮುಚ್ಚೋ! ದಿನಾ ನಿಮ್ಮನ್ನ ಕುಂದ್ರಸ್ಕೊಂಡು ಇದೇ ಕಣ್ಣಿಲೆ ಗಾಡಿ ಹೊಡಿತೇನಿ ನಾ!"

ಗಾಡಿ ಹತ್ತಿ ಕೂತಿದ್ದ ಇಬ್ಬರು ಆಳುಗಳು ಸದ್ದಿಲ್ಲದೆ ಕೆಳಗಿಳಿದರು.

ಗೇಟಿನ ಪಕ್ಕ ಹೊಲಿಗೆ ಹಿಡಿದು ಕೂತಿದ್ದ ಮುನ್ನಿಬೀ ಅಷ್ಟು ಹೊತ್ತು ನಗು ತಡೆದಿದ್ದೇ ಹೆಚ್ಚು. ಸೆರಗು ಬಾಯಿಗೊತ್ತಿಕೊಂಡು ಬಂದು, ಹೊಲಿಯುವಾಗ ಹಾಕಿಕೊಳ್ಳುವ ತಮ್ಮ ಚಾಳೀಸು ಕನ್ನಡಕವನ್ನು ಗಂಡನ ಮೂಗಿನ ಮೇಲೆ ಏರಿಸಿದರು. "ವಯಸ್ಸಾಗ್ಯದ ಅಂತ ನಾ ಅಂದಾಗೆಲ್ಲ ಸಿಟ್ಟಿಗೇಳ್ತಿದ್ರಿ. ಈಗ ನೋಡ್ರಿ."

ದಾರ ಒಳಗೆ ಹೋಯಿತು. ಸಾಹೇಬರು ಗೆದ್ದ ಮುಖ ಎತ್ತಿದಾಗ ಎದುರಿಗೇ ಪಂಢರಿಯ ಅಂಗಿಯ ಖಿಸೆ. ಅದರೊಳಗಿಂದ ಪುಟ್ಟ ಬಾಟಲಿಯೊಂದು ಕತ್ತು ಎತ್ತಿ ನೋಡುತ್ತಿತ್ತು.

"ಏನೋ ಇದು?"

"ಕೆಮ್ಮಿನ ಔಷಧರಿ."

"ಕುಡದು ಸೂಜಿಗಿ ದಾರ ಹಾಕಿದ್ದಿ ಬದ್ಮಾಶ! ಹಗ್ಗ ಬಿಚ್ಚು. ಚಹಾ ಕುಡದು ಮನಿಗಿ ಹೋಗು. ನಾಳಿಂದ ಬಾಯಿ ಮೂಸಿ ನೋಡೂದು, ಈ ಅತ್ತರ್ ಬಂದ್!" ಸಾಹೇಬರು ಕಿವಿಯ ಹತ್ತಿಯನ್ನು ಕಿತ್ತು ಎಸೆದರು.

ಚಾಳೀಸು ಧೊಂಡಿಬಾನ ಮೂಗಿಗೆ ಬಂತು. ಅವನೂ ಪೋಣಿಸಿದ. ಸಾಹೇಬರು ಅವನ ಬೆನ್ನಿಗೊಂದು ಗುದ್ದು ಕೊಟ್ಟು, "ನಡಿ, ಮ್ಯಾಲ ನೀನೇ" ಎಂದರು. ಅವನ ಎದೆ ಹಗುರಾಯಿತು. ಆದರೂ ಗಾಡಿಯ ಕಡೆ ಹೋಗಲು ಕಾಲು ಬರಲಿಲ್ಲ. ತಾನು ಸುಳ್ಳು ಹೇಳಿ ಮೇಲೆ ಉಳಿದಿದ್ದ, ನಿಜ ಹೇಳಿದವನು ವರ್ಷದಿಂದ ನೆಲ ಗುಡಿಸುತ್ತಿದ್ದ. ಅವನು ಚಾಳೀಸು ತೆಗೆದು ಹಣಮಂತನ ಬಳಿಗೆ ಹೋದ.

"ಅಣ್ಣಾ, ಒಮ್ಮಿ ಹಾಕ್ಕೊಂಡು ನೋಡು."

ಹಣಮಂತ ಬಾರಿಗೆಯನ್ನು ಗೋಡೆಗೆ ಒರಗಿಸಿದ. ಚಾಳೀಸು ಏರಿಸಿ, ಸೂಜಿಯನ್ನು ಹತ್ತಿರ ತಂದು, ದಾರ ಪೋಣಿಸಿದ. ಪೋಣಿಸಿ ಸಾಹೇಬರ ಮುಂದೆ ಹಿಡಿದ. ಸಾಹೇಬರು ಸೂಜಿ ನೋಡಿದರು, ಬಾರಿಗೆ ನೋಡಿದರು, ತಲೆ ತಗ್ಗಿಸಿದರು.

"ಇನ್ನೊಂದು ಹಗ್ಗ ಗಾಡ್ಯಾಗ ಹಾಕ್ರಿ" ಎಂದರು ಕೊನೆಗೆ.

ಔರಾದದ ಆ ಹುಣಸೆಮರವನ್ನು ಅವತ್ತು ಇಬ್ಬರು ಹತ್ತಿದರು. ಧೊಂಡಿಬಾ ತುದಿಯ ದೊಡ್ಡ ಟೊಂಗೆಗೆ ಕೈ ಹಾಕುವಷ್ಟರಲ್ಲಿ ಕೆಳಗಿನ ಕವಲಿನಿಂದ ವರ್ಷದಿಂದ ಕೇಳದಿದ್ದ ಗದರಿಕೆ ಬಂತು:

"ಏ ಧೊಂಡ್ಯಾ, ಕೈ ತೆಗಿ. ಅದು ನಂದು!"