ಇಪ್ಪತ್ತಕ್ಕೊಂದು ಹಳ್ಳು

ಫ್ಲೂ ಜ್ವರ ನಮ್ಮ ಊರಿಗೆ ಬಂದದ್ದು ಐವತ್ತೇಳರ ಆಷಾಢದಲ್ಲಿ. ಪರದೇಶದಿಂದ ಹಡಗಿನಲ್ಲಿ ಬಂತು, ಆಮೇಲೆ ರೈಲು ಹತ್ತಿತು ಎಂದು ನಾರಾಯಣಖೇಡದ ಕಂಪೌಂಡರ್ ಹೇಳಿದ. ಕಂಗ್ಟಿಯಿಂದ ನಮ್ಮ ಊರಿಗೆ ಆಗ ಬಸ್ಸು ಇರಲಿಲ್ಲ. ಆದರೂ ಬಂತು. ಮೊದಲು ಮಲಗಿದವರು ತುಳಜಪ್ಪ ಮಾಸ್ತರು. ಇಡೀ ಸಾಲಿಗೆ ಅವರೊಬ್ಬರೇ ಮಾಸ್ತರು. ಬಾಗಿಲಿಗೆ ಬೀಗ ಬಿತ್ತು.

ನಾವು ಕುರಿ ಸಾಕುವವರು. ಹಿಂಡಿನಲ್ಲಿ ಒಂದು ಕುರಿ ಕೆಮ್ಮಿದರೆ ಉಳಿದವನ್ನು ಅದರ ಹತ್ತಿರ ಬಿಡುವುದಿಲ್ಲ. ಅದೇ ಲೆಕ್ಕದಲ್ಲಿ ನನ್ನ ಮಗಳು ಸಾಬಮ್ಮನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಎಂಟು ವರ್ಷದ ಹುಡುಗಿ, ಮೂರನೇ ತರಗತಿ. ಗೆಳತಿಯರಿಲ್ಲ, ಆಟವಿಲ್ಲ. ದಿನವಿಡೀ ಜೋಳದ ಕಣಜಕ್ಕೆ ಬೆನ್ನು ಕೊಟ್ಟು ಕೂಡುತ್ತಿದ್ದಳು.

"ಸಾಲಿ ಮುಚ್ಚಿದ್ರ ಏನಾತು? ನಾ ಕಲಸ್ತೀನಿ" ಅಂದೆ. ನಾನೂ ನಾಲ್ಕನೇ ಜಮಾತಿನ ತನಕ ಓದಿದವನು.

"ಕಲಸ್ರಿ. ಆದ್ರ ಒದರಬ್ಯಾಡ್ರಿ" ಅಂದಳು ನನ್ನ ಹೆಂಡತಿ ಭೀಮವ್ವ.

ನಾನು ಮಾತಾಡಿದರೆ ಒದರಿದಂತೆ ಕೇಳುತ್ತದೆ. ಅರ್ಧ ಹರದಾರಿ ದೂರದ ಕುರಿಗೆ ಕೂಗಿ ಕೂಗಿ ಬಂದ ಗಂಟಲು ಇದು. ಮಗಳನ್ನು ಮುಂದೆ ಕೂಡಿಸಿಕೊಂಡೆ. ಸೊಂಟದ ಚೀಲದಿಂದ ಮೂರು ಹಳ್ಳು ತೆಗೆದು ನೆಲದ ಮೇಲೆ ಇಟ್ಟೆ. ಹಳ್ಳು ಅಂದರೆ ಸಣ್ಣ ಕಲ್ಲು. ಆಮೇಲೆ ಏಳು ಬೆರಳು ತೋರಿಸಿದೆ.

"ಎಷ್ಟಾತು?"

"ಮೂವತ್ತೇಳು."

"ಸರೀಗಿ ನೋಡು!"

ಹುಡುಗಿ ನೋಡಿದಳು. ಹಳ್ಳು ಮುಟ್ಟಿ ಎಣಿಸಿದಳು. "ಮೂವತ್ತೇಳೇ ಅದಪಾ."

"ಅರವತ್ತೇಳು! ಮೂರನೇ ತರಗತಿ ಓದೋ ಹುಡುಗಿಗಿ ಇಷ್ಟು ಬರಲ್ಲೇನು? ಎರಡು ವರ್ಷ ಸಾಲಿಗಿ ಹೋಗಿ ಮಣ್ಣು ತಿಂದಿ?"

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅವಳು ಬರೆಯುವ ಪಾಟಿ ಎತ್ತಿ ನೆಲಕ್ಕೆ ಕುಕ್ಕಿದೆ. ಎರಡು ತುಂಡಾಯಿತು.

ಸಾಬಮ್ಮ ಅಳಲಿಲ್ಲ. ಎರಡೂ ತುಂಡು ಎತ್ತಿಕೊಂಡು ಎದ್ದು ನಿಂತಳು. "ನಾ ದಡ್ಡಿ. ಸಾಲಿ ತೆರದ್ರೂ ನಾ ಹೋಗಂಗಿಲ್ಲ. ಕುರಿ ಹಿಂದ ಹೋಗ್ತೀನಿ" ಅಂದು ಕಣಜದ ಹಿಂದೆ ಸೇರಿಕೊಂಡಳು.

ಭೀಮವ್ವ ನನ್ನ ಮುಖ ನೋಡಿದಳು. ಅವಳು ಬೈದರೆ ನಾನು ತಿರುಗಿ ಬೈಯಬಹುದು. ಸುಮ್ಮನಿದ್ದರೆ ಏನು ಮಾಡಲಿ? ನಮ್ಮ ಮನೆತನದಲ್ಲಿ ಸಾಲಿ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗು ಅದು. ಹೋಗು ಅಂದವನೂ ನಾನೇ, ಹೋಗಂಗಿಲ್ಲ ಅನ್ನುವಂತೆ ಮಾಡಿದವನೂ ನಾನೇ. ಮೂರು ದಿನ ಮಗಳು ನನ್ನ ಜೊತೆ ಮಾತಾಡಲಿಲ್ಲ.

ನಾಲ್ಕನೇ ದಿನ ನನಗೇ ಜ್ವರ ಬಂತು. ಮಗಳನ್ನು ಓಣಿಯ ಆಚೆ ನನ್ನ ಅಕ್ಕ ಬಂಡಮ್ಮನ ಮನೆಗೆ ಕಳಿಸಿದರು. ನನ್ನನ್ನು ಮಾಳಿಗೆ ಮೇಲೆ, ಅಂದರೆ ಮನೆಯ ಮಣ್ಣಿನ ಚಾವಣಿ ಮೇಲೆ, ಜೋಳದ ದಂಟಿನ ಚಪ್ಪರದ ಕೆಳಗೆ ಹಾಕಿದರು. ಎರಡು ರಾತ್ರಿ ಎಲ್ಲಿದ್ದೇನೋ ಗೊತ್ತಿಲ್ಲ. ಜ್ವರ ಇಳಿದಾಗ ನೀರು ಕೇಳಲು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಗಂಟಲು ಪೂರಾ ಕಟ್ಟಿತ್ತು.

ಭೀಮವ್ವ ನಿಚ್ಚಣಿಕೆಯ ಮೇಲೇ ನಿಂತು ಗಂಜಿಯ ತಂಬಿಗೆ ಒಳಗೆ ಸರಿಸಿದಳು. "ಬಾಯಿ ಹ್ವಾಯ್ತಾ? ಪೂರಾ ಹ್ವಾಯ್ತಾ? ಆಗ್ಲಿ, ಊರು ನಾಕು ದಿನ ಸುಖದಾಗ ಇರ್ಲಿ" ಅಂದು ನಗುತ್ತಾ ಇಳಿದಳು.

ಅವತ್ತು ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಬಂಡಮ್ಮ ತನ್ನ ಮಾಳಿಗೆ ಮೇಲೆ ಹೆಸರುಕಾಳು ಹರವಿ, ಹಕ್ಕಿ ಕಾಯಲು ಸಾಬಮ್ಮನನ್ನು ಕೂಡಿಸಿದ್ದಳು. ಹುಡುಗಿ ಒಣಗಿದ ಸಗಣಿ ಕುಳ್ಳುಗಳನ್ನು ಸಾಲಾಗಿ ನಿಲ್ಲಿಸಿ, ಒಡೆದ ಪಾಟಿಯ ತುಂಡು ಹಿಡಿದು ಅವಕ್ಕೆ ಪಾಠ ಹೇಳುತ್ತಿದ್ದಳು. ನಾನು ಎದ್ದು ಕೂತದ್ದು ಕಂಡು ಬಾಯಿ ಮುಚ್ಚಿದಳು.

"ಅಪ್ಪಾ, ನಿನಗ ಮಾತು ಬರಲ್ಲಂತ, ಖರೇನು?"

ತಲೆ ಆಡಿಸಿದೆ.

"ಒಂದೂ ಬರಲ್ಲ?"

ಇಲ್ಲ ಎಂದು ಕೈ ಆಡಿಸಿದೆ. ಹುಡುಗಿಗೆ ಧೈರ್ಯ ಬಂತು. ಮಾಳಿಗೆಯ ಅಂಚಿನ ತನಕ ಬಂದು ಸೊಂಟದ ಮೇಲೆ ಕೈ ಇಟ್ಟಳು. "ಹಂಗಾದ್ರ ನಾ ಕೇಳ್ತೀನಿ, ನೀ ಕೈಲಿಂದ ಹೇಳು. ಏಳಾರ್ಲೆ ಎಷ್ಟು?"

ಅಷ್ಟೂ ಬರುವುದಿಲ್ಲವೇ ನನಗೆ? ಕಂಬಳಿ ಎತ್ತಿ ಎರಡು ಸಲ ಬೀಸಿದೆ. ಎರಡು ಬೆರಳು ತೋರಿಸಿದೆ.

"ಇಪ್ಪತ್ತೆರಡು? ತಪ್ಪು! ನಲವತ್ತೆರಡು. ಎಂಟೈದ್ಲೆ?"

ಕಂಬಳಿ ಎರಡು ಸಲ ಬೀಸಿದೆ.

"ಬರೇ ಇಪ್ಪತ್ತು? ತಪ್ಪು! ಇಷ್ಟು ಬರಲ್ಲೇನಪಾ? ಮಣ್ಣು ತಿಂದಿ?"

ನನ್ನ ಮಾತು ನನಗೇ ತಿರುಗಿ ಬಂತು. ಮೈ ಉರಿಯಿತು. ಒದರಲು ಬರಲಿಲ್ಲವಾದ್ದರಿಂದ ಕಾಲು ಅಪ್ಪಳಿಸಿದೆ. ಮಾಳಿಗೆಯ ಮಣ್ಣು ಉದುರಿ ಕೆಳಗೆ ಭೀಮವ್ವನ ರೊಟ್ಟಿ ಹಂಚಿಗೆ ಬಿತ್ತು. ಅವಳು ಅಲ್ಲಿಂದಲೇ, "ಬಾಯಿ ಹೋದ್ರ ಕಾಲು ಬಂತಾ?" ಅಂದಳು.

ಸಾಬಮ್ಮ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಈಗಲೂ ಕೆಟ್ಟಿತು ಅಂದುಕೊಂಡೆ. ಆದರೆ ಅವಳು ಹೋಗಲಿಲ್ಲ. ನನ್ನ ಕಂಬಳಿಯನ್ನೇ ನೋಡುತ್ತಾ ಯೋಚಿಸಿದಳು.

"ಅಪ್ಪಾ, ನಮ್ಮ ಕುರಿ ಎಷ್ಟು ಅವ?"

ಅದು ಅವಳಿಗೂ ಗೊತ್ತು. ಅರವತ್ತೇಳು. ಕಂಬಳಿ ಮೂರು ಸಲ ಬೀಸಿ ಏಳು ಬೆರಳು ತೋರಿಸಿದೆ.

ಹುಡುಗಿ ಕುಣಿದೇ ಬಿಟ್ಟಳು. "ಮೂರು, ಮ್ಯಾಲ ಏಳು! ಅವತ್ತು ಮೂರು ಹಳ್ಳು ಇಟ್ಟು ಕೇಳಿದ್ದೂ ಇದೇ! ನೀ ಹಳ್ಳಿಗಿ ಇಪ್ಪತ್ತು ಹಿಡೀತಿ. ನಮ್ಮ ಮಾಸ್ತರ್ರು ಹುಣಸಿಬೀಜ ಇಟ್ಟು ಬೀಜಕ್ಕ ಹತ್ತು ಅಂತಾರ. ನಾ ಹೇಳಿದ್ದು ತಪ್ಪಲ್ಲಪಾ! ನಾ ದಡ್ಡಿ ಅಲ್ಲ!"

ಹುಡುಗಿಯ ಮಾತು ಖರೇ. ಸಂಜೆ ಕುರಿ ಹಟ್ಟಿಗೆ ಬರುವಾಗ ಬಾಗಿಲಲ್ಲಿ ನಿಂತು ಎಣಿಸುತ್ತೇವೆ. ಇಪ್ಪತ್ತು ಒಳಗೆ ಹೋದರೆ ಒಂದು ಹಳ್ಳು ಚೀಲಕ್ಕೆ. ನಮ್ಮಪ್ಪ ಹಾಗೆ ಎಣಿಸಿದ, ನಾನೂ ಹಾಗೇ. ಕಾಗದದ ಮೇಲಾದರೆ ನಾನೂ ಹತ್ತರ ಲೆಕ್ಕವನ್ನೇ ಮಾಡುತ್ತೇನೆ. ಕೈಗೆ ಹಳ್ಳು ಬಂದರೆ ಇಪ್ಪತ್ತು, ಕಂಬಳಿ ಬೀಸಿದರೂ ಇಪ್ಪತ್ತೇ. ಅದನ್ನು ಮಗುವಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕು ಅಂತ ನನಗೆ ಹೊಳೆದೂ ಇರಲಿಲ್ಲ. ಗಂಟಲು ಇದ್ದಿದ್ದರೆ ಅವತ್ತೂ ವಾದ ಮಾಡುತ್ತಿದ್ದೆ. ಅದು ನನಗೆ ಚೆನ್ನಾಗಿ ಗೊತ್ತು.

"ಯಾರು ತಪ್ಪು ಮಾಡಿದ್ರೋ ಅವರು ಕಿವಿ ಹಿಡಕೋಬೇಕು. ನಮ್ಮ ಸಾಲ್ಯಾಗ ಹಂಗೇ" ಅಂದಳು ಸಾಬಮ್ಮ.

ಎರಡೂ ಕಿವಿ ಹಿಡಿದುಕೊಂಡೆ.

ಅದೇ ಹೊತ್ತಿಗೆ ಬಂಡಮ್ಮ ಮೇಲೆ ಬಂದಳು. "ಅಯ್ಯ, ಯಾರರೆ ನೋಡ್ರೆ! ಅಮೋಘಸಿದ್ದ ಕಿವಿ ಹಿಡಕೊಂಡಾನ!" ಎಂದು ಕೂಗಿದಳು. ಅವಳದೂ ನಮ್ಮ ಮನೆಯದೇ ಗಂಟಲು. ಊರಿಗೆಲ್ಲ ಕೇಳಿತು.

ಮರುದಿನ ಆಚೆ ಮನೆಯ ಕಾಶಪ್ಪನ ಮೂರು ಮಕ್ಕಳು ತಮ್ಮ ಮಾಳಿಗೆ ಹತ್ತಿದರು. ಅದರ ಮರುದಿನ ಐದಾರು ಮಾಳಿಗೆಗಳ ಮೇಲೆ ಮಕ್ಕಳಿದ್ದರು. ಯಾರೂ ಯಾರ ಹತ್ತಿರವೂ ಹೋಗುವಂತಿಲ್ಲ, ಕೂಗಬಹುದು. ಸಾಬಮ್ಮ ಲೆಕ್ಕ ಕೇಳುವಳು, ನಾನು ಕಂಬಳಿ ಬೀಸುವೆ, ಮಕ್ಕಳು ಉತ್ತರ ಕೂಗುವರು. ಬೇಕೆಂದೇ ಒಂದೆರಡು ತಪ್ಪು ಬೀಸಿದರೆ ಅವಕ್ಕೆ ಎಲ್ಲಿಲ್ಲದ ಸಂತೋಷ. "ಕಿವಿ! ಕಿವಿ!" ಎಂದು ಎಲ್ಲ ಮಾಳಿಗೆಯಿಂದ ಗದ್ದಲ. ಖರೇ ಹೇಳಬೇಕೆಂದರೆ, ಎಲ್ಲ ತಪ್ಪೂ ಬೇಕೆಂದು ಮಾಡಿದ್ದಲ್ಲ.

ಎಂಟು ದಿನಕ್ಕೆ ಗಂಟಲು ಬಿಟ್ಟಿತು. ಯಾರಿಗೂ ಹೇಳಲಿಲ್ಲ. ಭೀಮವ್ವನಿಗೆ ಗೊತ್ತಾಯಿತು. "ಇನ್ನೂ ನಾಕು ದಿನ ಮೂಕ ಆಗೇ ಇರ್ರಿ, ಛೊಲೋ ಕಾಣ್ತೀರಿ" ಅಂದಳು. ಇದ್ದೆ.

ಮಗಳು ಮನೆಗೆ ಬಂದಳು, ಮಾಸ್ತರು ಎದ್ದರು, ಸಾಲಿ ತೆರೆಯಿತು. ಅವತ್ತು ಬೆಳಿಗ್ಗೆ ಹೊಸ ಪಾಟಿಯನ್ನು ಮಗಳ ಮುಂದೆ ಇಟ್ಟು ಸುಮ್ಮನೆ ನಿಂತೆ. ಹೋಗು ಅನ್ನಲಿಲ್ಲ. ಆ ಮಾತನ್ನು ನುಂಗಲು ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಸಾಬಮ್ಮ ಪಾಟಿ ತಿರುಗಿಸಿ ಮುರುಗಿಸಿ ನೋಡಿದಳು.

"ನೀ ಮಾಳಿಗಿ ಮ್ಯಾಲ ನಿಂದ್ರು. ಎಷ್ಟು ಮಂದಿ ಬಂದಾರಂತ ಅಲ್ಲಿಂದ ಹೇಳ್ತೀನಿ" ಅಂದು ನನ್ನ ರುಮಾಲನ್ನು ಎಳೆದುಕೊಂಡು ಓಡಿದಳು.

ಹತ್ತಿ ನಿಂತೆ. ಸಾಲಿ ಅಂಗಳ ನಮ್ಮ ಮಾಳಿಗೆಗೆ ಚೆನ್ನಾಗಿ ಕಾಣುತ್ತದೆ. ಮಕ್ಕಳು ಸಾಲು ನಿಂತಿದ್ದರು. ಸಾಬಮ್ಮ ಸಾಲಿನಿಂದ ಆಚೆ ಬಂದು ರುಮಾಲು ಎತ್ತಿದಳು. ಒಂದೇ ಸಲ ಬೀಸಿದಳು. ಆಮೇಲೆ ಒಂಬತ್ತು ಬೆರಳು.

"ಇಪ್ಪತ್ತೊಂಬತ್ತು!" ಎಂದು ಒದರಿಬಿಟ್ಟೆ. ಮಾಳಿಗೆಗಳ ಮೇಲಿದ್ದ ಗುಬ್ಬಿಗಳೆಲ್ಲ ಹಾರಿದವು. ತುಳಜಪ್ಪ ಮಾಸ್ತರು ಬೆಚ್ಚಿ ತಿರುಗಿ ನೋಡಿದರು.

ಸಾಬಮ್ಮ ಅಷ್ಟು ದೂರದಿಂದ ತನ್ನ ಎರಡೂ ಕಿವಿ ಮುಟ್ಟಿ, ನನ್ನತ್ತ ಬೆರಳು ತೋರಿಸಿದಳು. ಸಾಲಿ ಅಂಗಳದಲ್ಲಿ ಮಾಸ್ತರ ಲೆಕ್ಕ, ಹತ್ತೊಂಬತ್ತು. ಕಿವಿ ಹಿಡಿದುಕೊಂಡೆ. ಹುಡುಗಿ ತಿರುಗಿ ಒಳಗೆ ಹೋದಳು.