ನಾಲ್ಕು ಬೆರಳಿನಷ್ಟು ದಾರ

"ತಲೆ ಸ್ವಲ್ಪ ಎತ್ತಿ ಹಿಡಿಯಪ್ಪ," ಎನ್ನುತ್ತ ಅಮ್ಮನ ಕೊರಳಿಗೆ ಸರ ಹಾಕಹೊರಟ ಮಗಳು ಅರ್ಧಕ್ಕೇ ನಿಂತಳು. ಶವಪೆಟ್ಟಿಗೆಯ ಅಂಚಿನ ಮೇಲೆ ಸರವನ್ನು ಹರಡಿ ನೋಡಿದಳು. "ಇದೇನು, ಇಲ್ಲಿಂದಾಚೆ ಬರೀ ದಾರ? ಮಣಿ ಉದುರಿ ಹೋಯ್ತಾ?"

"ಉದುರಿರಬಹುದು." ಅಪ್ಪ ಗಡಿಯಾರ ನೋಡಿದ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಬಸ್ಸುಗಳ ಹೊತ್ತು ಬರೆದವನು. "ಬೇಗ ಹಾಕು. ಹತ್ತೂವರೆಗೆ ಎತ್ತಬೇಕು."

"ಅಮ್ಮ ಹಾಕಿದ ಗಂಟು ಬಿಚ್ಚೋದುಂಟಾ?"

ಅದು ನಿಜ. ಸಮವಸ್ತ್ರದ ಅಂಗಡಿಯಲ್ಲಿ ಆಕೆ ಹೊಲಿದ ಗುಂಡಿ, ಬಟ್ಟೆ ಹರಿದರೂ ಕಿತ್ತು ಬರುತ್ತಿರಲಿಲ್ಲ. ವರ್ಷಕ್ಕೊಂದು ರಜೆ ಬಂದರೆ, ಉಳಿದವರು ಕೆರೆ ಕೋಟೆ ನೋಡಲು ಹೊರಡುವಾಗ ಆಕೆ ಮಾತ್ರ ಮಣಿ ಅಂಗಡಿ ಎಲ್ಲಿ, ಕರಕುಶಲ ಮೇಳ ಎಲ್ಲಿ ಎಂದು ಕಂಡಕಂಡವರನ್ನು ಕೇಳುವಳು. ಊರಿಗೆ ಐದು ಮಣಿ, ನಾಲ್ಕು ಬೆರಳಿನಷ್ಟು ಉದ್ದ. ಪೋಣಿಸಿ, ಆಚೀಚೆ ಗಂಟು. "ನಾನು ಹೋದ ದಿನ ಎರಡು ತುದಿ ಸೇರಿಸಿ ಕೊರಳಿಗೆ ಹಾಕಿ, ಬೇರೇನೂ ಬೇಡ," ಎಂದಿದ್ದಳು.

"ನೋಡಿಲ್ಲಿ, ಬರೀ ದಾರಕ್ಕೂ ಗಂಟು ಹಾಕಿದಾಳೆ. ನಾಲ್ಕು ಬೆರಳಿಗೊಂದು." ಮಗಳು ಎಣಿಸಿದಳು. "ಐದು ವರ್ಷ ಮಣೀನೇ ತರಲಿಲ್ವಾ?"

"ಅವಳಿಗೆ ಮಂಡಿ ನೋವಿತ್ತಲ್ಲ. ನಾನೇ ಹೋಗಿ ನೋಡ್ಕೊಂಡು ಬರ್ತಿದ್ದೆ. ಅಂಗಡಿ ಮುಚ್ಚಿರ್ತಿತ್ತು."

"ಐದು ಊರಲ್ಲೂ?"

ಬಾಗಿಲ ಬಳಿ ನಿಂತಿದ್ದ ಚಿಕ್ಕಪ್ಪ ನಕ್ಕುಬಿಟ್ಟ. ರಜೆಯಲ್ಲಿ ಕಾರು ಓಡಿಸುತ್ತಿದ್ದವನು ಅವನೇ. "ಮುಚ್ಚೋದೆಲ್ಲಿ ಬಂತು! ಅಣ್ಣ ಅಂಗಡಿ ಮೆಟ್ಟಿಲು ಹತ್ತಿದ್ದನ್ನ ನಾನಂತೂ ಕಾಣೆ. ನಾವಿಬ್ರೂ ಕಾಫಿ ಕುಡಿದು, ಪೇಪರ್ ಓದಿ ವಾಪಸ್ಸು. ಅವಳು ಒಳಗೆ ಹೊಕ್ಕರೆ ಎರಡು ಗಂಟೆ ಹಾಳು ಅಂತಿದ್ದ. ಅತ್ತಿಗೆ ಪಾಪ, ನಂಬ್ತಿದ್ರು ಬಿಡು."

ಯಾರೂ ನಗಲಿಲ್ಲ. ಚಿಕ್ಕಪ್ಪ ಚಪ್ಪಲಿ ಹುಡುಕುವವನಂತೆ ಬಗ್ಗಿದ.

*

ಕೊನೆಯ ರಜೆ. ಲಾಡ್ಜಿನ ಮೇಲಿನ ಕೋಣೆ. ಆಕೆ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕೂತಿದ್ದಳು.

"ಮುಚ್ಚಿದೆ ಕಣೇ," ಎನ್ನುತ್ತ ಅವನು ಒಳಗೆ ಬಂದ. "ಇಷ್ಟು ದಪ್ಪ ಬೀಗ."

ಆಕೆ ಬೀದಿಯನ್ನೇ ನೋಡುತ್ತಿದ್ದಳು. ಎದುರಿನ ಮಣಿ ಅಂಗಡಿಯ ಬಾಗಿಲಿನಿಂದ ಇಬ್ಬರು ಹೆಂಗಸರು ಹೊರಬಂದರು. ಒಬ್ಬಳು ನೀಲಿ ಮಣಿಯ ಎಳೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಇನ್ನೊಬ್ಬಳು, ನಂಗೂ ತೋರಿಸೇ, ಎಂದು ಕಸಿದುಕೊಂಡಳು.

"ಹೌದಾ. ಆಯ್ತು ಬಿಡಿ."

ಹೊಲಿಗೆ ಡಬ್ಬಿಯಿಂದ ಸರ ತೆಗೆದಳು. ಬರೀ ದಾರದ ಮೇಲೆ ನಾಲ್ಕು ಬೆರಳು ಇಟ್ಟು ಅಳೆದು, ಗಂಟು ಹಾಕಿ, ಹಲ್ಲಿನಿಂದ ಬಿಗಿದಳು.

"ಮಣಿಯೇ ಇಲ್ಲ, ಏನು ಪೋಣಿಸ್ತಿದೀಯ?"

"ಇವತ್ತಿನದು."

ಅವನು ಹಾಸಿಗೆಯ ಮೇಲೆ ಕಾಲು ಚಾಚಿದ. ಕಿಟಕಿಯ ಕಡೆ ತಿರುಗಿ ನೋಡಲಿಲ್ಲ.

*

ಮಗಳು ಎರಡು ತುದಿ ಸೇರಿಸಿ ಕಟ್ಟಿ, ಸರವನ್ನು ಅಮ್ಮನ ಕೊರಳಿಗೆ ಹಾಕಿದಳು. ಮಣಿಗಳಿದ್ದ ಭಾಗವನ್ನೆಲ್ಲ ಬೆನ್ನ ಕೆಳಗೆ ತೂರಿಸಿದಳು. ಬಿಳಿ ಬಟ್ಟೆಯ ಮೇಲೆ, ಎದೆಯ ನಡುವೆ, ಬರೀ ದಾರ ಮತ್ತು ಗಂಟುಗಳು ಉಳಿದವು.

"ತಿರುಗಿಸೇ," ಅಪ್ಪ ಕೈ ಚಾಚಿದ. "ಮಣಿ ಮುಂದಿರಲಿ. ಜನ ಏನಂತಾರೆ?"

"ಮುಟ್ಟಬೇಡ. ತಲೆ ಹತ್ರ ನಿಂತ್ಕೋ. ಕೇಳಿದವರಿಗೆ ಹೇಳೋಕೆ ಒಬ್ರು ಬೇಕಲ್ಲ."

ಬಾಗಿಲು ತೆರೆದರು. ಮೊದಲು ಬಂದವರು ಸಮವಸ್ತ್ರದ ಅಂಗಡಿಯ ಟೈಲರ್ ಮಾಸ್ಟರು. ಆಕೆಯ ಕೈಗೆಲಸ ಬಲ್ಲವರು. ಕನ್ನಡಕ ಏರಿಸಿಕೊಂಡು ಪೆಟ್ಟಿಗೆಯೊಳಗೆ ಬಾಗಿದರು.

"ಗಂಟು ಅವಳದೇ. ಮಣಿ ಯಾಕಿಲ್ರೀ?"

ಅಪ್ಪ ಮಗಳ ಮುಖ ನೋಡಿದ. ಅವಳು ಅವನ ಮೇಲಿಂದ ಕಣ್ಣು ಕದಲಿಸಲಿಲ್ಲ.

"ಅಂಗಡಿ ಮುಚ್ಚಿತ್ತು," ಎಂದ.

ಮಾಸ್ಟರು ತಲೆಯಾಡಿಸಿ ಮುಂದೆ ಸರಿದರು. ಅವರ ಹಿಂದಿದ್ದ ಮುದುಕಿ ಆಗಲೇ ಬಾಗಿ, ದಾರವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಸಾಲು ಮೆಟ್ಟಿಲಿಳಿದು ಬೀದಿಯವರೆಗೂ ಇತ್ತು.